ಲಂಡನ್ನಿಗೆ ಹೊಸದಾಗಿ ಬಂದವರಿಗೆ: ಜುಲೈನಿಂದ ನವೆಂಬರ್‌ವರೆಗೆ ಏನೇನು ನೋಡಬಹುದು

ಇಲ್ಲಿಗೆ ಬಂದ ಮೊದಲ ವರ್ಷ ನಮ್ಮವರು ಶನಿವಾರ, ಭಾನುವಾರಗಳನ್ನು ದಿನಸಿ ತರೋದು, ಬಟ್ಟೆ ಒಗೆಯೋದು, ಊರಿಗೆ ಫೋನ್ ಮಾಡೋದು ಅಂತಲೇ ಕಳೆದುಬಿಡುತ್ತಾರೆ. ನಾಟಕ, ಸಂಗೀತ ಅಂದರೆ "ಅದೆಲ್ಲ ಜಾಸ್ತಿ ದುಡ್ಡಿನದು, ನಮಗಲ್ಲ" ಅನ್ನುತ್ತಾರೆ. ಹಾಗೇನೂ ಇಲ್ಲ. ಲಂಡನ್ನಿನ ಒಳ್ಳೊಳ್ಳೆ ಕಾರ್ಯಕ್ರಮಗಳಲ್ಲಿ ಎಷ್ಟೋ ಪುಕ್ಕಟೆ. ಇನ್ನೆಷ್ಟೋ ಹೋಟೆಲಿನ ಒಂದು ಊಟಕ್ಕಿಂತ ಅಗ್ಗ. ಯಾವ ಟಿಕೆಟ್ ಯಾವಾಗ ಬಿಡುತ್ತಾರೆ ಅನ್ನೋದು ಮಾತ್ರ ಗೊತ್ತಿರಬೇಕು.

ಮೊದಲು ಗ್ಲೋಬ್. ಥೇಮ್ಸ್ ದಂಡೆಯಲ್ಲಿ ಶೇಕ್ಸ್‌ಪಿಯರ್ ಕಾಲದ ರಂಗಮಂದಿರದ ಮಾದರಿಯಲ್ಲೇ ಕಟ್ಟಿ 1997ರಲ್ಲಿ ತೆರೆದ ಜಾಗ ಇದು. ಸುತ್ತ ಹುಲ್ಲಿನ ಮಾಡು, ನಡುವೆ ತೆರೆದ ಅಂಗಳ. 1666ರ ದೊಡ್ಡ ಬೆಂಕಿ ಅನಾಹುತದ ನಂತರ ಲಂಡನ್ನಿನಲ್ಲಿ ಹುಲ್ಲಿನ ಮಾಡಿಗೆ ಅನುಮತಿ ಸಿಕ್ಕಿದ್ದು ಈ ಕಟ್ಟಡಕ್ಕೇ. ಅಂಗಳದಲ್ಲಿ ನಿಂತು ನೋಡುವ ಟಿಕೆಟ್ 5ರಿಂದ 10 ಪೌಂಡ್. ಕೂರುವ ಜಾಗಕ್ಕೆ ಇದರ ಹಲವು ಪಟ್ಟು ಕೊಡಬೇಕು, ಆದರೂ ನಾನು ಎಲ್ಲರಿಗೂ ಹೇಳೋದು ನಿಂತೇ ನೋಡಿ ಅಂತ. ಸ್ವಲ್ಪ ಬೇಗ ಹೋದರೆ ರಂಗದ ಅಂಚಿಗೆ ಮೊಣಕೈ ಊರಿ ನಿಲ್ಲಬಹುದು. ಪಾತ್ರಧಾರಿಗಳು ಜನರ ನಡುವೆ ದಾರಿ ಮಾಡಿಕೊಂಡೇ ರಂಗ ಹತ್ತುತ್ತಾರೆ. ನಿಮ್ಮ ಮುಖ ನೋಡಿಯೇ ಮಾತಾಡುತ್ತಾರೆ. ಊರಿನ ಗದ್ದೆಯಲ್ಲಿ ಬಯಲಾಟ ನೋಡಿ ಬೆಳೆದವರಿಗೆ ಈ ಆಪ್ತತೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಹಳೇ ಇಂಗ್ಲಿಷ್ ಅರ್ಥ ಆಗುತ್ತೋ ಇಲ್ಲವೋ ಅನ್ನೋ ಹೆದರಿಕೆ ಬೇಡ. ಕಥೆಯನ್ನು ಹಿಂದಿನ ದಿನ ಓದಿಕೊಂಡು ಹೋದರೆ ಸಾಕು, ಉಳಿದದ್ದನ್ನು ನಟರೇ ದಾಟಿಸುತ್ತಾರೆ. ಆಟ ನಡೆಯುವಾಗ ಅಂಗಳದಲ್ಲಿ ನೆಲದ ಮೇಲೆ ಕೂರುವಂತಿಲ್ಲ. ಮಳೆ ಬಂದರೂ ಆಟ ನಿಲ್ಲೋದಿಲ್ಲ, ಕೊಡೆ ಬಿಚ್ಚೋ ಹಾಗಿಲ್ಲ. ಟೋಪಿ ಇರುವ ಮಳೆಕೋಟು, ನಡೆದಾಡಲು ಹಿತವಾಗುವ ಶೂ ಹಾಕಿಕೊಂಡು ಹೋಗಿ. ಮೊದಲ ಸಲಕ್ಕೆ ಒಂದು ಹಾಸ್ಯ ನಾಟಕ ಆರಿಸಿಕೊಂಡರೆ ಒಳ್ಳೇದು. ಬಯಲಿನ ಆಟ ಹೆಚ್ಚಾಗಿ ಬೇಸಿಗೆಯಲ್ಲಿ, ಚಳಿಗಾಲಕ್ಕೆ ಮೋಂಬತ್ತಿ ಬೆಳಕಿನ ಚಿಕ್ಕ ರಂಗಮಂದಿರ ಅಲ್ಲೇ ಪಕ್ಕದಲ್ಲಿದೆ.

ಜುಲೈ ನಡುವಿನಿಂದ ಸೆಪ್ಟೆಂಬರಿನ ಎರಡನೇ ಶನಿವಾರದವರೆಗೆ, ಸುಮಾರು ಎಂಟು ವಾರ, ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಪ್ರಾಮ್ಸ್ ಅನ್ನುವ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತೋತ್ಸವ. ಕಡಿಮೆ ದುಡ್ಡಿಗೆ ಜನಸಾಮಾನ್ಯರಿಗೂ ಒಳ್ಳೆ ಸಂಗೀತ ಕೇಳಿಸಬೇಕು ಅಂತ 1895ರಲ್ಲಿ ಶುರುವಾದದ್ದು ಇದು. ಮೊದಲು ಕ್ವೀನ್ಸ್ ಹಾಲ್‌ನಲ್ಲಿ ನಡೆಯುತ್ತಿತ್ತು. 1941ರಲ್ಲಿ ಬಾಂಬ್ ಬಿದ್ದು ಆ ಕಟ್ಟಡ ಹಾಳಾದ ಮೇಲೆ ಆಲ್ಬರ್ಟ್ ಹಾಲ್‌ಗೆ ಬಂತು. ಅಗ್ಗದ ಟಿಕೆಟ್ ಅಂದರೆ ಮೂಲೆ ಅಲ್ಲ, ವಾದ್ಯವೃಂದದ ಎದುರಿಗೇ ನಿಲ್ಲುವ ಜಾಗ. ಬೆಲೆ 10 ಪೌಂಡಿನ ಒಳಗೆ. ಅವತ್ತಿನ ಟಿಕೆಟ್ ಅವತ್ತೇ ಬೆಳಿಗ್ಗೆ ಆನ್‌ಲೈನಿನಲ್ಲಿ ಬಿಡುತ್ತಾರೆ. ಹಾಗಾಗಿ ಆಫೀಸಿನಲ್ಲಿ ಕೂತು ಬುಕ್ ಮಾಡಿ ಸಂಜೆ ಹೋಗಬಹುದು. ಕೋಟು, ಟೈ ಯಾರೂ ಕೇಳೋದಿಲ್ಲ. ಒಂದೇ ಒಂದು ವಿಷಯ ಗಮನದಲ್ಲಿರಲಿ. ಒಂದು ಕೃತಿಯಲ್ಲಿ ನಾಲ್ಕು ಭಾಗ ಇದ್ದರೆ ನಡುವೆ ಮೌನ ಬರುತ್ತೆ, ಆಗ ಸಾಮಾನ್ಯವಾಗಿ ಚಪ್ಪಾಳೆ ತಟ್ಟೋದಿಲ್ಲ. ನಮ್ಮ ಕಛೇರಿಗಳಲ್ಲಿ ಒಳ್ಳೆ ಸಂಗತಿ ಬಂದ ತಕ್ಷಣ ಕೈ ತಾನೇ ಮೇಲೇಳುತ್ತಲ್ವಾ, ಇಲ್ಲಿ ಕೊನೆಯವರೆಗೂ ಕಾಯಬೇಕು.

ಮಕ್ಕಳಿರುವ ಮನೆಯವರು ಆಗಸ್ಟ್ ತಿಂಗಳನ್ನು ಬಿಡಬೇಡಿ. ಕಿಡ್ಸ್ ವೀಕ್ ಅನ್ನುವ ಯೋಜನೆಯಲ್ಲಿ ವೆಸ್ಟ್ ಎಂಡ್‌ನ (ಲಂಡನ್ನಿನ ನಡುವೆ ದೊಡ್ಡ ರಂಗಮಂದಿರಗಳಿರುವ ಪ್ರದೇಶ) ಎಷ್ಟೋ ಆಟಗಳಿಗೆ ದೊಡ್ಡವರೊಬ್ಬರ ಟಿಕೆಟ್ ಜೊತೆ ಒಂದು ಮಗುವಿಗೆ ಉಚಿತ. ಹೆಸರಿನಲ್ಲಿ ವಾರ ಅಂತಿದ್ದರೂ ಇಡೀ ತಿಂಗಳು ನಡೆಯುತ್ತೆ. ಬುಕಿಂಗ್ ಬೇಸಿಗೆ ಶುರುವಿನಲ್ಲೇ ತೆರೆಯುತ್ತೆ, ಒಳ್ಳೆ ದಿನಗಳು ಬೇಗ ಖಾಲಿ. ನ್ಯಾಷನಲ್ ಥಿಯೇಟರ್‌ನದ್ದೂ ಒಂದು ದಾರಿ ಇದೆ: ಶುಕ್ರವಾರ ಮಧ್ಯಾಹ್ನ 1 ಗಂಟೆಗೆ ಮುಂದಿನ ವಾರದ ಕೆಲವು ಟಿಕೆಟ್‌ಗಳನ್ನು 10 ಪೌಂಡಿಗೆ ಬಿಡುತ್ತಾರೆ. ಯಾವುದಕ್ಕೇ ಆಗಲಿ, ರಂಗಮಂದಿರದ ಅಥವಾ ಆ ಯೋಜನೆಯ ಅಧಿಕೃತ ವೆಬ್‌ಸೈಟಿನಲ್ಲೇ ಕೊಳ್ಳಿ. ಫೇಸ್‌ಬುಕ್‌ನಲ್ಲಿ "ನನ್ನ ಟಿಕೆಟ್ ಉಳಿದಿದೆ" ಅನ್ನುವ ಅಪರಿಚಿತರಿಗೆ ದುಡ್ಡು ಕಳಿಸಬೇಡಿ. ಸಮಯಕ್ಕೆ ಸರಿಯಾಗಿ ಹೋಗಿ. ತಡವಾದರೆ ವಿರಾಮದವರೆಗೂ ಹೊರಗೇ ನಿಲ್ಲಿಸಬಹುದು.

ಆಗಸ್ಟ್ ಕೊನೆಯ ಸೋಮವಾರ ಮತ್ತು ಅದರ ಹಿಂದಿನ ಭಾನುವಾರ ನಾಟಿಂಗ್ ಹಿಲ್ ಕಾರ್ನಿವಲ್. ಕೆರಿಬಿಯನ್ ದ್ವೀಪಗಳಿಂದ ಬಂದು ಇಲ್ಲಿ ನೆಲೆ ನಿಂತವರು ಕಟ್ಟಿದ ಹಬ್ಬ. ವಲಸೆ ಬಂದ ನಾವು ಇದನ್ನು ನೋಡಲೇಬೇಕು ಅನ್ನೋದು ನನ್ನ ಅಭಿಪ್ರಾಯ. ಪುಟ್ಟ ಮಕ್ಕಳಿದ್ದರೆ ಭಾನುವಾರ ಬೆಳಿಗ್ಗೆಯೇ ಹೋಗಿ ಬಂದುಬಿಡಿ. ಸೋಮವಾರ ಮಧ್ಯಾಹ್ನದ ನೂಕುನುಗ್ಗಲಿನಲ್ಲಿ ತಳ್ಳುಗಾಡಿ ಕಷ್ಟ. ಹತ್ತಿರದ ಟ್ಯೂಬ್ ನಿಲ್ದಾಣಗಳಲ್ಲಿ ಕೆಲವು ಮುಚ್ಚಿರುತ್ತವೆ, ಒಂದೆರಡು ನಿಲ್ದಾಣ ಮೊದಲೇ ಇಳಿದು ನಡೆಯಿರಿ.

ಸೆಪ್ಟೆಂಬರಿನಲ್ಲಿ ಓಪನ್ ಹೌಸ್. ವರ್ಷವಿಡೀ ಬಾಗಿಲು ಹಾಕಿರುವ ಕಟ್ಟಡಗಳನ್ನು ಜನರಿಗೆ ಉಚಿತವಾಗಿ ತೋರಿಸುತ್ತಾರೆ. ಹೆಸರಾಂತ ಕಟ್ಟಡಗಳಿಗೆ ಮುಂಚೆಯೇ ಹೆಸರು ನೋಂದಾಯಿಸಬೇಕು. ಉಳಿದವಕ್ಕೆ ಸುಮ್ನೆ ಹೋಗಿ ಸಾಲಿನಲ್ಲಿ ನಿಂತರಾಯಿತು.

ಅಕ್ಟೋಬರ್ ಬಂತೆಂದರೆ ನಮ್ಮ ಕಡೆಯ ಸಡಗರ. ಟ್ರಫಾಲ್ಗರ್ ಚೌಕದಲ್ಲಿ ಮೇಯರ್ ಕಚೇರಿಯ ದೀಪಾವಳಿ, ಪ್ರವೇಶ ಉಚಿತ. ಇದು ಪಂಚಾಂಗದ ದೀಪಾವಳಿಯ ದಿನವೇ ಇರೋದಿಲ್ಲ, ಸಾಮಾನ್ಯವಾಗಿ ಅದಕ್ಕೂ ಮೊದಲಿನ ಒಂದು ಭಾನುವಾರ ಇರುತ್ತೆ, ದಿನಾಂಕ ನೋಡಿಕೊಳ್ಳಿ. ಸಂಗೀತ ಪ್ರಿಯರಿಗೆ ದರ್ಬಾರ್ ಉತ್ಸವ ಇದೆ. 2006ರಲ್ಲಿ ಲೆಸ್ಟರ್‌ನಲ್ಲಿ ಶುರುವಾಗಿ ಲಂಡನ್ನಿಗೆ ಬಂದದ್ದು. ಹಿಂದೂಸ್ತಾನಿ, ಕರ್ನಾಟಕ ಎರಡೂ ಕೇಳಬಹುದು.

ವರ್ಷಪೂರ್ತಿ ಹೋಗಬಹುದಾದ ಜಾಗ ಅಂದರೆ ವೆಸ್ಟ್ ಕೆನ್ಸಿಂಗ್ಟನ್‌ನ ಭಾರತೀಯ ವಿದ್ಯಾ ಭವನ. 1972ರಿಂದ ಲಂಡನ್ನಿನಲ್ಲಿದೆ, ಈಗಿರುವುದು ಹಿಂದೆ ಚರ್ಚ್ ಆಗಿದ್ದ ಕಟ್ಟಡದಲ್ಲಿ. ಇದನ್ನು ದಶಕಗಳ ಕಾಲ ಮುನ್ನಡೆಸಿದವರು ನಮ್ಮ ಮತ್ತೂರಿನ ಡಾ. ನಂದಕುಮಾರ ಅವರು. ವೀಣೆ, ಮೃದಂಗ, ಭರತನಾಟ್ಯ ಎಲ್ಲ ಕಲಿಸುತ್ತಾರೆ. ಇಲ್ಲಿನ ಕಛೇರಿಗೆ ಒಬ್ಬರೇ ಹೋದರೂ ಪಕ್ಕದವರು ಮಾತಾಡಿಸುತ್ತಾರೆ. ಊರು ಬಿಟ್ಟು ಬಂದ ಹೊಸದರಲ್ಲಿ ಅದೇ ದೊಡ್ಡದು.

ಇನ್ನು ನಮ್ಮ ಕನ್ನಡ ಸಂಘಗಳ ದೀಪಾವಳಿ, ರಾಜ್ಯೋತ್ಸವ. ಇವು ಹೆಚ್ಚಾಗಿ ಊರಾಚೆಯ ಶಾಲೆಗಳ ಸಭಾಂಗಣಗಳಲ್ಲಿ ನಡೆಯುತ್ತವೆ. ವಾರಾಂತ್ಯದಲ್ಲಿ ರೈಲು ಹಳಿ ರಿಪೇರಿ ಇರೋದೇ ಜಾಸ್ತಿ, ಹೊರಡುವ ಮುನ್ನ ರೈಲು ಇದೆಯಾ ನೋಡಿ. ಟಿಕೆಟನ್ನು ಮುಂಚೆಯೇ ಕೊಂಡುಬಿಡಿ, ಯಾಕಂದರೆ ಎಷ್ಟು ಎಲೆಗೆ ಅಡುಗೆ ಮಾಡಿಸಬೇಕು ಅನ್ನೋದು ಆ ಲೆಕ್ಕದ ಮೇಲೆಯೇ. ಕನ್ನಡ ಸಿನಿಮಾಕ್ಕೂ ಇದೇ ಮಾತು. ಇಲ್ಲಿ ಸಿಗೋದು ಬೆರಳೆಣಿಕೆಯ ಆಟ. ಮೊದಲ ದಿನಗಳಲ್ಲೇ ಸೀಟು ತುಂಬದಿದ್ದರೆ ಮುಂದಿನ ವಾರ ಇರೋದಿಲ್ಲ.

ಸಂಘದ ಕಾರ್ಯಕ್ರಮಕ್ಕೆ ಸುಮ್ನೆ ನೋಡಿ ಬರೋದಕ್ಕಿಂತ, ಒಂದು ಕೈ ಹಾಕ್ತೀನಿ ಅಂತ ಮೊದಲೇ ಹೇಳಿ. ಕುರ್ಚಿ ಜೋಡಿಸುವಾಗ, ಬಡಿಸುವಾಗ ಆಗುವ ಪರಿಚಯ ಸಭೆಯಲ್ಲಿ ಕೂತರೆ ಆಗೋದಿಲ್ಲ. ಮಕ್ಕಳಿಗೆ ಹಾಡೋ ಆಸೆ ಇದ್ದರೆ ಸೆಪ್ಟೆಂಬರಿನಲ್ಲೇ ಹೆಸರು ಕೊಡಿ. ಅಕ್ಟೋಬರ್ ಕೊನೆಯಲ್ಲಿ ಕೇಳಿದರೆ ಪಟ್ಟಿ ತುಂಬಿರುತ್ತೆ.