ನೂರು ರೂಪಾಯಿಯ ರಸೀದಿ

2023ರ ವಿಧಾನಸಭಾ ಚುನಾವಣೆಯಲ್ಲಿ ಪಕ್ಷೇತರರಾಗಿ ನಿಂತಿದ್ದ ಗೆಳೆಯರೊಬ್ಬರ ಲೆಕ್ಕಪತ್ರದ ಹೊಣೆ ನನ್ನ ಪಾಲಿಗೆ ಬಂದಿತ್ತು. 2008ಕ್ಕೆ ಮೊದಲು ಸೋಮವಾರಪೇಟೆಯೂ ಸೇರಿ ಮೂರು ಕ್ಷೇತ್ರಗಳಿದ್ದ ಕೊಡಗಿನಲ್ಲಿ ಈಗ ಇರುವುದು ಎರಡೇ ಆದ್ದರಿಂದ, ಕ್ಷೇತ್ರದ ಉದ್ದಗಲ ಜೀಪಿನಲ್ಲಿ ಸುತ್ತುವ ಡೀಸೆಲ್ಲೇ ನಮ್ಮ ದೊಡ್ಡ ಖರ್ಚಾಗಿತ್ತು. ಒಬ್ಬ ಅಭ್ಯರ್ಥಿಗೆ ಚುನಾವಣಾ ಆಯೋಗದ ವೆಚ್ಚ ಮಿತಿ ಆಗ 40 ಲಕ್ಷ ರೂಪಾಯಿ ಇತ್ತು. ಅದರ ಹತ್ತರಲ್ಲೊಂದು ಪಾಲೂ ನಮ್ಮಲ್ಲಿ ಕೂಡಲಿಲ್ಲ.

ನಾಮಪತ್ರಕ್ಕೆ ಮೊದಲೇ ಚುನಾವಣೆಗೆಂದು ಪ್ರತ್ಯೇಕ ಬ್ಯಾಂಕ್ ಖಾತೆ ತೆರೆದೆವು. ನಿತ್ಯದ ಲೆಕ್ಕಕ್ಕೆ ಬಿಳಿ, ನಗದಿಗೆ ಗುಲಾಬಿ, ಬ್ಯಾಂಕಿಗೆ ಹಳದಿ ಹಾಳೆಗಳಿರುವ ವಹಿಯನ್ನು ದಿನವೂ ರಾತ್ರಿ ಬರೆಯುತ್ತಿದ್ದೆ. ಕಾಫಿ ಮಾರಿದ ಹಣ ಕೈಯಲ್ಲಿದ್ದ ಕೆಲವು ತೋಟದ ಮಾಲೀಕರು ಆದಾಯ ತೆರಿಗೆಯಲ್ಲಿ ರಿಯಾಯಿತಿ ಸಿಗುತ್ತದೆಯೇ ಎಂದು ಕೇಳಿದರು. ಅದು ಪಕ್ಷಗಳಿಗೆ ಕೊಟ್ಟ ದೇಣಿಗೆಗೆ ಸಿಗುತ್ತದೆ, ಅಭ್ಯರ್ಥಿಗೆ ಕೊಟ್ಟದ್ದಕ್ಕಲ್ಲ ಎಂದ ಮೇಲೆ ಅವರ ಫೋನು ಮತ್ತೆ ಬರಲಿಲ್ಲ.

ನಾನು ಎಡವಿದ್ದು ಕಾಡಂಚಿನ ಒಂದು ಹಾಡಿಯಲ್ಲಿ, ಅಂದರೆ ಆದಿವಾಸಿಗಳ ಕೇರಿಯಲ್ಲಿ. ಅಲ್ಲಿಯೂ ಪಕ್ಕದ ತೋಟ ಕಾರ್ಮಿಕರ ಲೈನ್ ಮನೆಗಳಲ್ಲಿಯೂ ನೂರು, ಇನ್ನೂರರಂತೆ ಒಟ್ಟು ಮಾಡಿದ 11,400 ರೂಪಾಯಿಯನ್ನು ಹಿರಿಯರೊಬ್ಬರು ತಂದುಕೊಟ್ಟಾಗ, ಕೆಲಸ ಸುಲಭವಾಯಿತೆಂದು ಅವರ ಹೆಸರಿಗೇ ಒಂದು ರಸೀದಿ ಹರಿದೆ. ಒಬ್ಬರಿಂದ ನಗದಾಗಿ 10,000 ರೂಪಾಯಿಗಿಂತ ಹೆಚ್ಚು ಪಡೆಯುವಂತಿಲ್ಲವೆಂಬುದು ರಾತ್ರಿ ವಹಿ ಬರೆಯುವಾಗ ನೆನಪಾಯಿತು. ಮರುದಿನ ಆ ರಸೀದಿಯನ್ನು ರದ್ದುಪಡಿಸಿ, ಕೊಟ್ಟವರೆಲ್ಲರ ಹೆಸರು ಬರೆದುಕೊಳ್ಳಲು ಹೋದಾಗ ಒಬ್ಬ ಅಜ್ಜಿ, “ದುಡ್ಡು ಕೊಟ್ಟದ್ದು ನಾನು, ಚೀಟಿ ಅವರ ಹೆಸರಿಗೆ ಎಂತಕ್ಕೆ?” ಎಂದು ಕೇಳಿದರು. ಹೆಸರು ಬರೆಸುವ ನೆಪದಲ್ಲಿ ಪ್ರತಿಯೊಬ್ಬರೂ ಒಂದೊಂದು ಮಾತು ಸೇರಿಸಿದರು: ಹಕ್ಕುಪತ್ರ ಬಂದಿಲ್ಲ, ಆನೆ ಬರುವ ದಾರಿಯಲ್ಲಿ ಬೀದಿದೀಪವಿಲ್ಲ, ನೀರಿನ ಪೈಪು ಅರ್ಧಕ್ಕೇ ನಿಂತಿದೆ. ನಮ್ಮ ಕರಪತ್ರದಲ್ಲಿ ಪೈಪಿನ ಮಾತೇ ಇರಲಿಲ್ಲ. ಅಂದಿನಿಂದ ರಸೀದಿಯ ಉಳಿಕೆ ಚೀಟಿಯ ಹಿಂಬದಿಯಲ್ಲಿ ಕೊಟ್ಟವರ ಮಾತನ್ನೂ ಬರೆಯತೊಡಗಿದೆ. ಅಭ್ಯರ್ಥಿಯ ಭಾಷಣ ಬದಲಾದದ್ದು ಅದರಿಂದಲೇ ಹೊರತು ನಮ್ಮ ಸಭೆಗಳ ಚರ್ಚೆಯಿಂದಲ್ಲ.

ಮೇ 13ರ ಎಣಿಕೆಯಲ್ಲಿ ಆರನೇ ಒಂದರಷ್ಟು ಮತ ದೊರೆಯದೆ 10,000 ರೂಪಾಯಿ ಠೇವಣಿ ಹೋಯಿತು. ಫಲಿತಾಂಶದ 30 ದಿನಗಳೊಳಗೆ ಲೆಕ್ಕ ಒಪ್ಪಿಸದಿದ್ದರೆ ಮೂರು ವರ್ಷ ಅನರ್ಹಗೊಳ್ಳುವ ಅಪಾಯವಿದ್ದುದರಿಂದ, ಸೋತ ಬೇಸರದಲ್ಲಿಯೂ ವಹಿ ಮುಗಿಸಿ ಸಲ್ಲಿಸಿದೆವು.

ಜುಲೈನ ಜಡಿಮಳೆಯಲ್ಲಿ ಆ ಅಜ್ಜಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ರಸೀದಿ ಹಿಡಿದು ಗೆಳೆಯರ ಮನೆಗೆ ಬಂದು ಪೈಪಿನ ವಿಷಯ ಕೇಳಿದರು. ಸೋತ ಅಭ್ಯರ್ಥಿ ಅವರನ್ನು ಕೂರಿಸಿಕೊಂಡು ಗ್ರಾಮ ಪಂಚಾಯಿತಿಗೆ ಅರ್ಜಿ ಬರೆದರು.