ಪೋಲೋ ಜಿಟಿ ಹಳೆಯದೋ, ಹೊಸದೋ? ಗೇರ್‌ಬಾಕ್ಸ್ ನೋಡಿ ನಿರ್ಧರಿಸಿ

ಬಾಗಿಲು ಹಾಕಿದಾಗ 'ಧಬ್' ಅಂತ ಬರುವ ಒಂದು ಸದ್ದಿಗೇ ಫೋಕ್ಸ್‌ವ್ಯಾಗನ್ ಪೋಲೋ ಕೊಂಡವರನ್ನು ನಾನು ನೋಡಿದ್ದೇನೆ. ಪುಣೆ ಬಳಿಯ ಚಾಕಣ್‌ನಲ್ಲಿ 12 ವರ್ಷ ತಯಾರಾದ ಈ ಕಾರು 2022ರಲ್ಲಿ ನಿಂತುಹೋಯಿತು. ಆದರೂ ಸೆಕೆಂಡ್ ಹ್ಯಾಂಡ್ ಬಜಾರಿನಲ್ಲಿ ಅದಕ್ಕೆ ಇವತ್ತಿಗೂ ಗಿರಾಕಿ ಇದ್ದಾರೆ. ಅದರಲ್ಲೂ ಟರ್ಬೊ ಪೆಟ್ರೋಲ್ ಎಂಜಿನ್ನಿನ ಜಿಟಿ ಟಿಎಸ್‌ಐ ಅಂದರೆ ಗಾಡಿ ಓಡಿಸುವ ಹುಚ್ಚಿರುವವರಿಗೆ ಪ್ರಾಣ. ಹತ್ತು ಲಕ್ಷದೊಳಗೆ ಇಷ್ಟು ಗಟ್ಟಿಯಾದ, ಇಷ್ಟು ಚುರುಕಾದ ಪುಟ್ಟ ಕಾರು ನಮಗೆ ಹೆಚ್ಚು ಸಿಕ್ಕಿದ್ದೇ ಇಲ್ಲ.

ಕಳೆದ ವರ್ಷ ಚಿಕ್ಕಪ್ಪನ ಮಗನ ಜೊತೆ ಬೆಂಗಳೂರಿನಲ್ಲಿ ಇಂಥ ಎಂಟು ಗಾಡಿ ನೋಡಿದೆ. ಮೊದಲ ದಿನವೇ ಅವನು ಕೇಳಿದ: "ಅಣ್ಣಾ, 2016ರದ್ದು ಕಡಿಮೆಗೆ ಸಿಗ್ತಿದೆ. ನೋಡೋಕೆ ಎರಡೂ ಒಂದೇ. ಮತ್ತೆ 2021ರದ್ದಕ್ಕೆ ಯಾಕೆ ಜಾಸ್ತಿ ಕೊಡಬೇಕು?" ಬಹಳ ಜನ ಕೇಳುವ ಪ್ರಶ್ನೆ ಇದು. ಉತ್ತರ ಗೇರ್‌ಬಾಕ್ಸ್‌ನಿಂದ ಶುರುವಾಗುತ್ತದೆ.

ಮೊದಲು: ಯಾವ ಗಾಡಿ ನೋಡುತ್ತಿದ್ದೀರಿ ಎಂದು ಖಚಿತ ಮಾಡಿಕೊಳ್ಳಿ

ಹೊರಗಿನ ಮೈ ಹೆಚ್ಚುಕಡಿಮೆ ಒಂದೇ. ಒಳಗೆ ಎರಡು ಬೇರೆ ಗಾಡಿಗಳಿವೆ.

ಹಳೆಯದು 2013ರ ಏಪ್ರಿಲ್‌ನಲ್ಲಿ ಬಂತು. 1.2 ಲೀಟರ್, ನಾಲ್ಕು ಸಿಲಿಂಡರ್, 105 ಪಿಎಸ್ ಶಕ್ತಿ, 175 ಎನ್‌ಎಂ ಟಾರ್ಕ್. ಗೇರ್‌ಬಾಕ್ಸ್ 7 ಸ್ಪೀಡಿನ ಡಿಎಸ್‌ಜಿ ಆಟೊಮ್ಯಾಟಿಕ್ ಒಂದೇ. ಇದರಲ್ಲಿ ಮ್ಯಾನ್ಯುವಲ್ ಬರಲೇ ಇಲ್ಲ. 2014ರಲ್ಲಿ ಮುಖ ಸ್ವಲ್ಪ ಬದಲಾಯಿತು.

ಹೊಸದು 2020ರಲ್ಲಿ ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮದ ಜೊತೆ ಬಂತು. 1.0 ಲೀಟರ್, ಮೂರು ಸಿಲಿಂಡರ್, 110 ಪಿಎಸ್. ಟಾರ್ಕ್ ಅದೇ 175 ಎನ್‌ಎಂ. ಡಿಎಸ್‌ಜಿ ಹೋಯಿತು. ಅದರ ಜಾಗದಲ್ಲಿ 6 ಸ್ಪೀಡ್ ಟಾರ್ಕ್ ಕನ್ವರ್ಟರ್ ಆಟೊಮ್ಯಾಟಿಕ್ ಬಂತು, ಜೊತೆಗೆ ಇದೇ ಎಂಜಿನ್ನಿನ, ಜಿಟಿ ಹೆಸರಿಲ್ಲದ ಪೋಲೋದಲ್ಲಿ 6 ಸ್ಪೀಡ್ ಮ್ಯಾನ್ಯುವಲ್ ಕೂಡ.

ಅಂದರೆ ಎಂಜಿನ್ ಲೆಕ್ಕದಲ್ಲಿ ವ್ಯತ್ಯಾಸ ಬರೀ 5 ಪಿಎಸ್. ಅದಕ್ಕೋಸ್ಕರ ತಲೆ ಕೆಡಿಸಿಕೊಳ್ಳಬೇಡಿ.

ಒಂದು ಎಚ್ಚರಿಕೆ. ಸುಮ್ನೆ ಜಿಟಿ ಬ್ಯಾಡ್ಜ್ ಅಂಟಿಸಿದ ಸಾಮಾನ್ಯ ಪೋಲೋಗಳೂ ಓಡಾಡುತ್ತಿವೆ. ಆರ್‌ಸಿ ಕೈಗೆ ತಗೊಂಡು ಸಿಸಿ ನೋಡಿ. ಹಳೆ ಜಿಟಿ ಟಿಎಸ್‌ಐ 1197 ಸಿಸಿ, ನಾಲ್ಕು ಸಿಲಿಂಡರ್. ಟರ್ಬೊ ಇಲ್ಲದ ಸಾಮಾನ್ಯ 1.2 ಪೋಲೋ 1198 ಸಿಸಿ, ಮೂರು ಸಿಲಿಂಡರ್. ಒಂದೇ ಒಂದು ಅಂಕಿಯ ವ್ಯತ್ಯಾಸ, ಆದರೆ ಶಕ್ತಿಯಲ್ಲಿ 30 ಪಿಎಸ್ ಕಡಿಮೆ! ಹೊಸದರಲ್ಲಿ ಈ ಗುರುತೂ ಸಿಗುವುದಿಲ್ಲ. ಟರ್ಬೊ ಇರುವ 1.0, ಇಲ್ಲದ 1.0 ಎರಡೂ 999 ಸಿಸಿ. ಮ್ಯಾನ್ಯುವಲ್ ಆದರೆ ಗೇರ್ ಗುಬ್ಬಿ ನೋಡಿ. ಆರು ಗೇರ್ ಇದ್ದರೆ ಟಿಎಸ್‌ಐ, ಐದೇ ಇದ್ದರೆ ಟರ್ಬೊ ಇಲ್ಲದ್ದು. ಇನ್ನು ಜಿಟಿ ಟಿಡಿಐ ಅಂತ ಇದ್ದರೆ ಅದು ಡೀಸೆಲ್, ಅದರ ಲೆಕ್ಕವೇ ಬೇರೆ.

ಎರಡನೆಯದು: ಗೇರ್‌ಬಾಕ್ಸ್ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದುಕೊಳ್ಳಿ

ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ. ನಿಮ್ಮ ದುಡ್ಡು ಉಳಿಯುವುದು, ಹೋಗುವುದು ಎರಡೂ ಇಲ್ಲೇ.

ಹಳೆ ಜಿಟಿಯ ಡಿಎಸ್‌ಜಿಯಲ್ಲಿ ಎರಡು ಕ್ಲಚ್ ಇವೆ. 1, 3, 5, 7ನೇ ಗೇರು ಒಂದು ಕ್ಲಚ್‌ಗೆ. 2, 4, 6 ಮತ್ತು ರಿವರ್ಸ್ ಇನ್ನೊಂದಕ್ಕೆ. ನೀವು ಮೂರನೇ ಗೇರಿನಲ್ಲಿ ಹೋಗುತ್ತಿರುವಾಗಲೇ ನಾಲ್ಕನೆಯದು ತಯಾರಾಗಿ ಕೂತಿರುತ್ತದೆ. ಒಂದು ಕ್ಲಚ್ ಬಿಡುತ್ತದೆ, ಇನ್ನೊಂದು ಹಿಡಿಯುತ್ತದೆ, ಅಷ್ಟೇ. ಗೇರ್ ಬದಲಾಗಿದ್ದು ಗೊತ್ತೇ ಆಗುವುದಿಲ್ಲ. ನೆಲಮಂಗಲ ದಾಟಿ ಹಾಸನದ ಕಡೆ ಹೊರಟಾಗ, ಲಾರಿ ಓವರ್‌ಟೇಕ್ ಮಾಡಲು ಆಕ್ಸಿಲರೇಟರ್ ಒತ್ತಿದಾಗ, ಈ ಗೇರ್‌ಬಾಕ್ಸ್ ಕೊಡುವ ಖುಷಿ ಹೊಸದರಲ್ಲಿ ಇಲ್ಲ. ಇದನ್ನು ನಾನು ಮನಸಾರೆ ಹೇಳುತ್ತೇನೆ.

ಆದರೆ ಈ ಕ್ಲಚ್‌ಗಳು ಎಣ್ಣೆಯಲ್ಲಿ ಮುಳುಗಿರುವುದಿಲ್ಲ. ಒಣ ಕ್ಲಚ್. ಸಿಲ್ಕ್ ಬೋರ್ಡ್‌ನಲ್ಲಿ ಆಮೆ ಥರ ತೆವಳುವಾಗ ಏನಾಗುತ್ತದೆ? ಮ್ಯಾನ್ಯುವಲ್ ಗಾಡಿಯಲ್ಲಿ ನೀವು ಹಾಫ್ ಕ್ಲಚ್ ಹಿಡಿದು ಹೋಗುತ್ತೀರಲ್ಲ, ಅದೇ ಕೆಲಸವನ್ನು ಇಲ್ಲಿ ಕಂಪ್ಯೂಟರ್ ಮಾಡುತ್ತದೆ. ಪ್ಲೇಟ್ ಉಜ್ಜುತ್ತದೆ, ಬಿಸಿಯಾಗುತ್ತದೆ, ಸವೆಯುತ್ತದೆ. ಇದನ್ನೆಲ್ಲ ನಡೆಸುವ ಭಾಗದ ಹೆಸರು ಮೆಕಾಟ್ರಾನಿಕ್. ಗೇರ್‌ಬಾಕ್ಸ್‌ನ ಮಿದುಳೂ ಅದೇ, ಕೈಯೂ ಅದೇ. ಅದು ಕೈಕೊಟ್ಟರೆ ಬಿಲ್ಲು ಲಕ್ಷದ ಮೇಲೆ ಹೋಗಬಹುದು. 2013ರಲ್ಲಿ ಕಂಪನಿಯೇ ಜಗತ್ತಿನಾದ್ಯಂತ ಇಂಥ 7 ಸ್ಪೀಡ್ ಡಿಎಸ್‌ಜಿ ಇರುವ ಸುಮಾರು 16 ಲಕ್ಷ ಕಾರುಗಳನ್ನು ವಾಪಸ್ ಕರೆದು, ಸಿಂಥೆಟಿಕ್ ಗೇರ್ ಎಣ್ಣೆ ತೆಗೆದು ಮಿನರಲ್ ಎಣ್ಣೆ ಹಾಕಿಸಿತು. ಸೆಕೆ ಮತ್ತು ತೇವ ಜಾಸ್ತಿ ಇರುವ ಊರುಗಳ ನಿಂತು ನಿಂತು ಹೋಗುವ ಟ್ರಾಫಿಕ್‌ನಲ್ಲಿ ವಿದ್ಯುತ್ ತೊಂದರೆ ಬರಬಹುದು ಎನ್ನುವುದು ಕಾರಣ. 2013ರ ಗಾಡಿ ನೋಡುತ್ತಿದ್ದರೆ ಚಾಸಿಸ್ ನಂಬರ್ ಕೊಟ್ಟು, ಬಾಕಿ ಉಳಿದ ರೀಕಾಲ್ ಕೆಲಸ ಏನಾದರೂ ಇದೆಯಾ ಎಂದು ಸರ್ವೀಸ್ ಸೆಂಟರ್‌ನಲ್ಲಿ ಕೇಳಿ.

ಹೊಸದರ ಟಾರ್ಕ್ ಕನ್ವರ್ಟರ್ ಹಳೇ ಕಾಲದ ಉಪಾಯ. ಎಣ್ಣೆ ತುಂಬಿದ ಡಬ್ಬಿಯಲ್ಲಿ ಎದುರುಬದುರು ಎರಡು ಫ್ಯಾನ್ ಇದ್ದಂತೆ. ಒಂದು ತಿರುಗಿದರೆ ಎಣ್ಣೆಯ ರಭಸಕ್ಕೆ ಇನ್ನೊಂದು ತಿರುಗುತ್ತದೆ. ತೆವಳುವಾಗ ಉಜ್ಜಿ ಸವೆಯುವ ಪ್ಲೇಟೇ ನಡುವೆ ಇಲ್ಲ. ಅದಕ್ಕೇ ಟ್ರಾಫಿಕ್‌ನಲ್ಲಿ ಇದು ಜಗ್ಗುವುದಿಲ್ಲ. ಡಿಎಸ್‌ಜಿಯಷ್ಟು ಚುರುಕಿಲ್ಲ, ಗೇರ್ ಇಳಿಸಲು ಒಂದು ಕ್ಷಣ ಯೋಚಿಸುತ್ತದೆ.

ಮೂರನೆಯದು: ನಿಮ್ಮ ರಸ್ತೆ ಬರೆದುಕೊಳ್ಳಿ

ಒಂದು ಹಾಳೆ ತಗೊಂಡು ವಾರದಲ್ಲಿ ಎಷ್ಟು ಗಂಟೆ ಟ್ರಾಫಿಕ್‌ನಲ್ಲಿರುತ್ತೀರಿ, ಎಷ್ಟು ಗಂಟೆ ಹೈವೇಯಲ್ಲಿ ಎಂದು ಬರೆಯಿರಿ. ನಮ್ಮ ಹುಡುಗ ಬರೆದ. ಔಟರ್ ರಿಂಗ್ ರೋಡ್‌ನಲ್ಲಿ ದಿನಾ ಎರಡು ಗಂಟೆ. ತಿಂಗಳಿಗೊಮ್ಮೆ ಮೂಡಿಗೆರೆಗೆ. ಅಲ್ಲಿಗೆ 2016ರ ಡಿಎಸ್‌ಜಿ ಪಟ್ಟಿಯಿಂದ ಹೋಯಿತು. ಅವನಿಗೆ ಬೇಜಾರಾಯಿತು, ನನಗೂ.

ನೀವು ಹಾಸನ, ದಾವಣಗೆರೆ, ಶಿವಮೊಗ್ಗದಂಥ ಊರಿನಲ್ಲಿದ್ದು ಹೈವೇ ಓಡಾಟ ಜಾಸ್ತಿ ಇದ್ದರೆ ಹಳೆಯದನ್ನು ಧೈರ್ಯವಾಗಿ ನೋಡಬಹುದು. ಒಂದೇ ಷರತ್ತು. ಹೊಸದಕ್ಕೂ ಅದಕ್ಕೂ ಬೆಲೆಯಲ್ಲಿ ಉಳಿಯುವ ದುಡ್ಡನ್ನು ಖರ್ಚು ಮಾಡದೆ ಗೇರ್‌ಬಾಕ್ಸ್ ಹೆಸರಿನಲ್ಲಿ ಬ್ಯಾಂಕಿನಲ್ಲಿಡಿ. ಅಷ್ಟು ಇಡಲು ಆಗದಿದ್ದರೆ ಹಳೆ ಡಿಎಸ್‌ಜಿ ಬೇಡ.

ಮೈಲೇಜ್ ನೋಡಿ ಆಯ್ಕೆ ಮಾಡುವ ಅಗತ್ಯ ಇಲ್ಲ. ಕಂಪನಿ ಲೆಕ್ಕದಲ್ಲಿ ಲೀಟರಿಗೆ ಹಳೆಯದು 17.2 ಕಿ.ಮೀ., ಹೊಸ ಮ್ಯಾನ್ಯುವಲ್ 18.24, ಹೊಸ ಆಟೊಮ್ಯಾಟಿಕ್ 16.47. ಊರೊಳಗೆ ಎಲ್ಲವೂ ಇದಕ್ಕಿಂತ ಕಡಿಮೆಯೇ ಕೊಡುತ್ತವೆ.

ನಾಲ್ಕನೆಯದು: ಟೆಸ್ಟ್ ಡ್ರೈವ್

ಹೋಗುವ ಮುಂಚೆ ಫೋನ್ ಮಾಡಿ, "ನಾನು ಬರುವವರೆಗೆ ಗಾಡಿ ಸ್ಟಾರ್ಟ್ ಮಾಡಬೇಡಿ" ಎಂದು ಹೇಳಿ. ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಅವರು ಯಾವುದೋ ಸದ್ದನ್ನು ಮುಚ್ಚಿಡುತ್ತಿರಬಹುದು. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಆದ ಮೊದಲ ಕೆಲವು ಸೆಕೆಂಡಿನಲ್ಲಿ ಕಿರಿಕಿರಿ, ಗಲಗಲ ಸದ್ದು ಬಂದರೆ ಮೆಕ್ಯಾನಿಕ್‌ಗೆ ತೋರಿಸದೆ ಮುಂದುವರಿಯಬೇಡಿ.

ಇಗ್ನಿಷನ್ ಆನ್ ಮಾಡಿದಾಗ ಮೀಟರಿನಲ್ಲಿ ದೀಪಗಳು ಹೊತ್ತಿ ಆರುತ್ತವೆ ಅಲ್ವಾ? ಏರ್‌ಬ್ಯಾಗ್ ದೀಪ ಹೊತ್ತಿಕೊಂಡು ಆಮೇಲೆ ಆರಬೇಕು. ಹೊತ್ತಲೇ ಇಲ್ಲ ಎಂದರೆ ಯಾರೋ ಅದನ್ನು ಬೇಕಂತಲೇ ಬಂದ್ ಮಾಡಿರಬಹುದು. ಇದನ್ನು ಹಗುರವಾಗಿ ತಗೊಳ್ಳಬೇಡಿ. 2014ರಲ್ಲಿ ಕಾರುಗಳನ್ನು ಡಿಕ್ಕಿ ಹೊಡೆಸಿ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಏರ್‌ಬ್ಯಾಗ್ ಇಲ್ಲದ ಪೋಲೋಗೆ ಸೊನ್ನೆ ಸ್ಟಾರ್, ಎರಡು ಏರ್‌ಬ್ಯಾಗ್ ಇದ್ದ ಪೋಲೋಗೆ ನಾಲ್ಕು ಸ್ಟಾರ್ ಸಿಕ್ಕಿತ್ತು. ಜಾರುವ ಕಾರಿನ ಚಿತ್ರದ ದೀಪ ಬಂದರೆ ಇಎಸ್‌ಪಿ, ಅಂದರೆ ಗಾಡಿ ಜಾರಿ ಹಿಡಿತ ತಪ್ಪದಂತೆ ತಡೆಯುವ ವ್ಯವಸ್ಥೆ, ಇದೆ ಎಂದರ್ಥ. ಹಳೆ ಜಿಟಿಯಲ್ಲಿ ಅದು ಇದೆ. ಹೊಸದರಲ್ಲಿ ವೇರಿಯಂಟ್ ಹೆಸರು ನಂಬದೆ ಈ ದೀಪವನ್ನೇ ನೋಡಿ.

ಡಿಎಸ್‌ಜಿ ಆದರೆ ಕನಿಷ್ಠ ಅರ್ಧ ಗಂಟೆ ಓಡಿಸಬೇಕು, ಅದೂ ಟ್ರಾಫಿಕ್‌ನಲ್ಲಿ. ಹತ್ತು ನಿಮಿಷದ ಖಾಲಿ ರಸ್ತೆಯಲ್ಲಿ ಎಲ್ಲ ಡಿಎಸ್‌ಜಿಯೂ ಚೆನ್ನಾಗಿರುತ್ತವೆ. ಬ್ರೇಕ್ ಬಿಟ್ಟಾಗ ಗಾಡಿ ಮೆಲ್ಲಗೆ, ಒಂದೇ ಸಮ ಮುಂದೆ ಬರಬೇಕು. ಒಂದರಿಂದ ಎರಡಕ್ಕೆ ಹೋಗುವಾಗ, ಎರಡರಿಂದ ಒಂದಕ್ಕೆ ಇಳಿಯುವಾಗ ಗಡಗಡ ನಡುಗಿದರೆ ಕ್ಲಚ್ ಸವೆದಿದೆ. ಏರು ಇರುವ ಜಾಗದಲ್ಲಿ ರಿವರ್ಸ್ ಹಾಕಿ ಹಿಂದಕ್ಕೆ ಹತ್ತಿಸಿ. ಎರಡನೇ ಕ್ಲಚ್‌ನ ನಿಜಸ್ಥಿತಿ ಆಗ ತಿಳಿಯುತ್ತದೆ. ಮೀಟರಿನಲ್ಲಿ ಗೇರ್ ತೋರಿಸುವ ಅಕ್ಷರ ಮಿಣುಕಿದರೆ ಅಲ್ಲಿಗೇ ನಿಲ್ಲಿಸಿ, ಕೀ ವಾಪಸ್ ಕೊಡಿ.

ಹೊಸ 1.0 ನಿಂತಲ್ಲಿ ಸಣ್ಣಗೆ ನಡುಗುತ್ತದೆ. ಮೂರು ಸಿಲಿಂಡರ್‌ನ ಸ್ವಭಾವ ಅದು, ಗಾಬರಿ ಬೇಡ. ಕಡಿಮೆ ಆರ್‌ಪಿಎಂನಲ್ಲಿ ಸ್ವಲ್ಪ ಮಂಕು, ಟರ್ಬೊ ಹಿಡಿದ ಮೇಲೆ ಒಮ್ಮೆಲೇ ಎಳೆಯುತ್ತದೆ. ಮ್ಯಾನ್ಯುವಲ್ ಆದರೆ ನಾಲ್ಕನೇ ಗೇರಿನಲ್ಲಿ ಜೋರಾಗಿ ಆಕ್ಸಿಲರೇಟರ್ ಒತ್ತಿ. ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಮುಗಿದಿದೆ.

ಇನ್ನೊಂದು ಪ್ರಶ್ನೆಯನ್ನು ನೇರವಾಗಿ ಕೇಳಿ: "ರೀಮ್ಯಾಪ್ ಮಾಡಿಸಿದ್ದೀರಾ?" ಎಂಜಿನ್ ಕಂಪ್ಯೂಟರಿನ ಲೆಕ್ಕ ಬದಲಿಸಿ ಶಕ್ತಿ ಹೆಚ್ಚಿಸುವುದು ಈ ಗಾಡಿಗಳಲ್ಲಿ ಮಾಮೂಲು. ಹಳೆ ಡಿಎಸ್‌ಜಿ ತಡೆಯುವ ಟಾರ್ಕ್ 250 ಎನ್‌ಎಂ. ಕಂಪನಿ ಕೊಟ್ಟ 175 ಅದಕ್ಕೆ ಸಲೀಸು. ರೀಮ್ಯಾಪ್ ಆದ ಗಾಡಿ ಆ ಮಿತಿಯ ಹತ್ತಿರ ಹೋಗಿರುತ್ತದೆ. ಅಂಥ ಡಿಎಸ್‌ಜಿಯನ್ನು ನಾನಂತೂ ಕೊಳ್ಳಲಾರೆ. ಫೋಕ್ಸ್‌ವ್ಯಾಗನ್ ಗಾಡಿಗಳನ್ನೇ ನೋಡುವ ಗ್ಯಾರೇಜಿನಲ್ಲಿ ಸ್ಕ್ಯಾನ್ ಮಾಡಿಸಿ, ಗೇರ್‌ಬಾಕ್ಸ್‌ನಲ್ಲಿ ದಾಖಲಾದ ತಪ್ಪುಗಳನ್ನು ಓದಿಸಿ.

ಐದನೆಯದು: ನೀರು, ತುಕ್ಕು

ನಾವು ನೋಡಿದ ಐದನೇ ಗಾಡಿ 2020ರದ್ದು. ಬಿಳಿ ಬಣ್ಣ, ಕಡಿಮೆ ಕಿಲೋಮೀಟರ್, ಮಿರಮಿರ ಮಿಂಚುತ್ತಿತ್ತು. ಬ್ರೋಕರ್ ಟೋಕನ್ ಕೇಳುತ್ತಿದ್ದ. ನಾನು ಡ್ರೈವರ್ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದೆ. ಮೊದಲ ಎರಡು ಅಡಿ ಕಪ್ಪಗೆ ಸ್ವಚ್ಛ. ಕೊನೆಯ ಒಂದು ಗೇಣಿನಲ್ಲಿ ಕಂದು ಗೆರೆ. ಡಿಕ್ಕಿ ತೆಗೆದು ಸ್ಟೆಪ್ನಿ ಎತ್ತಿಸಿದೆ. ಅದರ ಕೆಳಗಿನ ಬೋಲ್ಟಿನ ಸುತ್ತ ಒಣಗಿದ ನುಣ್ಣನೆ ಕೆಸರು. ಉಗುರಿನಿಂದ ಕೆರೆದರೆ ಪುಡಿಪುಡಿಯಾಗಿ ಉದುರಿತು. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ಬೇಸ್‌ಮೆಂಟ್‌ಗಳಲ್ಲಿ ಎಷ್ಟು ಕಾರು ಮುಳುಗಿದವು ಎಂದು ನೆನಪಿದೆಯಲ್ಲ? ಈ ಗಾಡಿ ಎಲ್ಲಿ ಮುಳುಗಿತ್ತೋ ಹೇಳಲಾರೆ, ಮುಳುಗಿದ್ದಂತೂ ಹೌದು. ನೀರು ಕುಡಿದ ವೈರಿಂಗ್ ವರ್ಷಗಳ ನಂತರವೂ ತೊಂದರೆ ಕೊಡುತ್ತದೆ. ನಾವು ಬಂದುಬಿಟ್ಟೆವು.

ಕೆಎ 19, ಕೆಎ 20, ಕೆಎ 30 ನಂಬರಿನ, ಅಂದರೆ ಮಂಗಳೂರು, ಉಡುಪಿ, ಕಾರವಾರದ ಗಾಡಿಯಾದರೆ ಲಿಫ್ಟ್‌ಗೆ ಹಾಕಿಸಿ ತಳ ನೋಡಿ. ಉಪ್ಪುಗಾಳಿಗೆ ಸೈಲೆನ್ಸರ್, ಬ್ರೇಕ್ ಪೈಪ್, ಸಸ್ಪೆನ್ಷನ್ ತೋಳು ಬೇಗ ತುಕ್ಕು ಹಿಡಿಯುತ್ತವೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಟೈರ್ ಹಳೆಯದಾಗಿದ್ದರೆ ನಾಲ್ಕರ ಬೆಲೆಯನ್ನೂ ಚೌಕಾಸಿಗೆ ತನ್ನಿ.

ಕೊನೆಗೆ: ಕಾಗದಪತ್ರ

ಖಾಸಗಿ ಕಾರಿನ ಆರ್‌ಸಿ 15 ವರ್ಷ. 2013ರ ಗಾಡಿಯದ್ದು 2028ಕ್ಕೆ ಮುಗಿಯುತ್ತದೆ. ಆಮೇಲೆ ಫಿಟ್‌ನೆಸ್ ಪರೀಕ್ಷೆ, ನವೀಕರಣ, ಹಸಿರು ತೆರಿಗೆ. ಹಳೆಯದನ್ನು ಅಗ್ಗ ಎನ್ನುವಾಗ ಇದನ್ನೂ ಕೂಡಿಸಿ.

ಕೇರಳ, ಮಹಾರಾಷ್ಟ್ರದ ನಂಬರಿನ ಗಾಡಿ ಕಡಿಮೆಗೆ ಬಂದರೆ ಕೂಡಲೇ ಹಿಗ್ಗಬೇಡಿ. ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಇಲ್ಲಿನ ನಂಬರ್ ಪಡೆಯಬೇಕು. ಅದಕ್ಕೆ ಅಲ್ಲಿನ ಆರ್‌ಟಿಒ ಎನ್‌ಒಸಿ ಬೇಕು. ಕರ್ನಾಟಕದ ಜೀವಾವಧಿ ತೆರಿಗೆಯೂ ಕಟ್ಟಬೇಕು. ಎಷ್ಟಾಗುತ್ತದೆ ಎಂದು ಆರ್‌ಟಿಒದಲ್ಲಿ ಕೇಳಿಕೊಂಡು ಆಮೇಲೆ ಬೆಲೆ ಮಾತಾಡಿ.

ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿದ ಪತ್ರ ಮತ್ತು ಫಾರಂ 35 ಕೇಳಿ. ಹೆಸರು ಬದಲಾವಣೆಗೆ ಫಾರಂ 29, 30. ಟ್ರಾಫಿಕ್ ದಂಡ ಬಾಕಿ ಇದೆಯಾ ಎಂದು ಗಾಡಿ ನಂಬರ್ ಹಾಕಿ ನೋಡಿ. ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಿ. ಮಾರುವವರ ನೋ ಕ್ಲೇಮ್ ಬೋನಸ್ ಅವರ ಜೊತೆಗೇ ಹೋಗುತ್ತದೆ, ನಿಮಗೆ ಬರುವುದಿಲ್ಲ.

ನಮ್ಮ ಹುಡುಗ ಕೊನೆಗೆ ತಗೊಂಡದ್ದು 2021ರ ಮ್ಯಾನ್ಯುವಲ್. ಒಬ್ಬರೇ ಮಾಲೀಕರು, ಪ್ರತಿ ಸರ್ವೀಸಿನ ಬಿಲ್ಲೂ ಒಂದು ಫೈಲಿನಲ್ಲಿ. ಅವರು ಕೊಟ್ಟದ್ದು ಒಂದೇ ಕೀ. ಇನ್ನೊಂದು ಎಲ್ಲಿ ಎಂದು ಕೇಳಿದಾಗ ಹುಡುಕಿ ಮರುದಿನ ತಂದುಕೊಟ್ಟರು. ನೀವೂ ಎರಡು ಕೀ ಕೇಳಿ. ಇದು ಚಿಪ್ ಇರುವ ಕೀ, ಬೀದಿ ಬದಿಯಲ್ಲಿ ಉಜ್ಜಿ ಮಾಡಿಸಿದರೆ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಸಿಗದಿದ್ದರೆ ಹೊಸ ಕೀ ಖರ್ಚನ್ನು ಬೆಲೆಯಲ್ಲಿ ಇಳಿಸಿ, ಟೋಕನ್ ಕೊಡುವುದಕ್ಕೆ ಮುಂಚೆ.