ಕಡಮತ್‌ಗೆ ಹೋಗುವ ದಾರಿ ತೋಟದ ಕೆರೆಯಿಂದ ಶುರು

ಮಾಸ್ಕ್ ಹಾಕಿ, ಬಾಯಲ್ಲಿ ಕೊಳವೆ ಕಚ್ಚಿ ತೇಲುತ್ತಾ (ಸ್ನಾರ್ಕೆಲಿಂಗ್) ಹವಳದ ದಿಬ್ಬ ನೋಡಲು ಹೊರಟವರಿಗೆ ಮೊದಲು ತೋಟದ ಕೆರೆಯಲ್ಲಿ ತೇಲುವುದು ಕಲಿಸುತ್ತೇನೆ ಅಂದಾಗ ಕೊಡಗಿನ ನಮ್ಮ ಹೋಂಸ್ಟೇ ಬಳಗದಲ್ಲಿ ನಗದವರೇ ಇಲ್ಲ. "ಎಂಥ ಮಾರಾಯ್ರೇ, ಕೆರೆಯಲ್ಲಿ ಮುಖ ಅದ್ದಿಕೊಂಡು ಮಲಗಲು ಟ್ರೈನಿಂಗ್ ಬೇರೆಯಾ?" ಅಂದರು. ಈಗ ಬ್ಯಾಚು ಲಕ್ಷದ್ವೀಪದ ಕಡಮತ್‌ನಿಂದ ವಾಪಸ್ ಬಂದಿದೆ. ಒಬ್ಬರ ಕಾಲೂ ಹವಳಕ್ಕೆ ತಾಗಲಿಲ್ಲ. ಅಲ್ಲಿನ ಗೈಡೇ ಇವರೆಲ್ಲ ಯಾವ ಊರಿನವರು ಅಂತ ವಿಚಾರಿಸಿದ. ನಕ್ಕವರು ಈಗ ಮುಂದಿನ ಬ್ಯಾಚಿಗೆ ಹೆಸರು ಕೊಡುತ್ತಿದ್ದಾರೆ.

ತೋಟ ಇರುವವರಿಗೆ ದೊಡ್ಡ ತಲೆನೋವು ದಿನ ಹೊಂದಿಸುವುದು. ಮಳೆಗಾಲದಲ್ಲಿ ಆ ಕಡೆ ಹೋಗುವ ಮಾತೇ ಇಲ್ಲ. ಸಮುದ್ರ ತಿಳಿಯಾಗುವ ಹೊತ್ತಿಗೆ ಇಲ್ಲಿ ಅರೇಬಿಕಾ ಕಾಫಿ ಹಣ್ಣಾಗುತ್ತದೆ, ಅದರ ಹಿಂದೆಯೇ ರೋಬಸ್ಟಾ, ಆಮೇಲೆ ಸ್ಪ್ರಿಂಕ್ಲರ್. ಬ್ಯಾಕಿಂಗ್ (ಹೂ ಅರಳಿದ ಮೇಲೆ ಕೊಡುವ ಎರಡನೇ ನೀರು) ಮುಗಿಸಿ ಏಪ್ರಿಲ್ ಕೊನೆಗೆ ಹೋಗೋಣ ಅಂತ ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಏಪ್ರಿಲ್, ಮೇ ಅಂದರೆ ನೀರು ಅತಿ ಬಿಸಿ. 1998, 2010, 2016ರಲ್ಲಿ, ಮತ್ತೆ 2024ರಲ್ಲಿ ಲಕ್ಷದ್ವೀಪದ ಹವಳ ಬಿಳಚಿಕೊಂಡಿದ್ದು ಈ ಬಿಸಿಗೇ. ಜ್ವರ ಬಂದ ಮನೆಗೆ ನೆಂಟರು ದಂಡು ಕಟ್ಟಿಕೊಂಡು ಹೋಗುತ್ತಾರಾ?

ನಾನು ಹಿಡಿಯುವುದು ಅಕ್ಟೋಬರ್‌ನ ಕಾವೇರಿ ತೀರ್ಥೋದ್ಭವ ಮುಗಿದ ಮೇಲೆ, ಸುಗ್ಗಿ ಹಬ್ಬ ಪುತ್ತರಿಗೆ ಮೊದಲು ಸಿಗುವ ಸಣ್ಣ ಸಂದು. ಪಿಕ್ಕಿಂಗ್ ಜೋರಾಗಿರುವುದಿಲ್ಲ, ತೋಟದ ಲೆಕ್ಕ, ಆಳು ನೋಡಿಕೊಳ್ಳುವ ರೈಟರ್ ಒಬ್ಬರೇ ಸಂಭಾಳಿಸುತ್ತಾರೆ. ಹೊರಡುವ ಮೊದಲು ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್ ಕೊಡುವ ಹವಳದ ಎಚ್ಚರಿಕೆ, ಅಮೆರಿಕದ ಸಾಗರ, ಹವಾಮಾನ ಸಂಸ್ಥೆ ನೋವಾದ ನಕ್ಷೆ ಎರಡನ್ನೂ ನೋಡುತ್ತೇನೆ. ಎರಡೂ ಪುಕ್ಕಟೆ. ನೋವಾದ ನಕ್ಷೆಯಲ್ಲಿ ಬಿಸಿಯ ಲೆಕ್ಕ (ನೀರು ಎಷ್ಟು ಡಿಗ್ರಿ ಹೆಚ್ಚು ಬಿಸಿಯಾಗಿ ಎಷ್ಟು ವಾರ ಉಳಿಯಿತು ಅನ್ನುವ 'ಡಿಗ್ರಿ ಹೀಟಿಂಗ್ ವೀಕ್') 4 ದಾಟಿದ್ದರೆ ಪ್ರವಾಸ ಕ್ಯಾನ್ಸಲ್. ಆ ಕಾಲದಲ್ಲಿ ಚಂಡಮಾರುತದ ಭಯವೂ ಇದೆ. 2017ರ ಡಿಸೆಂಬರ್ ಆರಂಭದಲ್ಲಿ ಓಖಿ ಚಂಡಮಾರುತ ಆ ದ್ವೀಪಗಳ ಮೇಲೇ ಹೋಯಿತು. ಹಾಗಾಗಿ ಒಂದೆರಡು ದಿನ ಕೈಯಲ್ಲಿ ಜಾಸ್ತಿ ಇಟ್ಟುಕೊಳ್ಳಿ.

ದುಡ್ಡಿನ ಕಥೆ ಕೇಳಿ. ಮೊದಲ ಸಲ ಒಬ್ಬ ಏಜೆಂಟ್ ಐವತ್ತು, ಅರವತ್ತು ಸಾವಿರ ಅಡ್ವಾನ್ಸ್ ತೆಗೆದುಕೊಂಡ. ದ್ವೀಪಕ್ಕೆ ಕಾಲಿಡಲು ಬೇಕಾದ ಪರ್ಮಿಟ್ ಬರಲೇ ಇಲ್ಲ. ನಾಳೆ, ನಾಡಿದ್ದು ಅಂತ ಓಡಾಡಿಸಿ ಅರ್ಧ ವಾಪಸ್ ಕೊಟ್ಟ. ಈಗ ನನ್ನದು ಒಂದೇ ನಿಯಮ: ಪರ್ಮಿಟ್ ಕೈಗೆ ಬರುವ ತನಕ ದೊಡ್ಡ ದುಡ್ಡು ಬಿಡುವುದಿಲ್ಲ. ಪೊಲೀಸ್ ಕ್ಲಿಯರೆನ್ಸ್ ಮೊದಲೇ ಮಾಡಿಸಿಡುತ್ತೇವೆ. ವಿರಾಜಪೇಟೆ, ಮಾಕುಟ್ಟ ದಾರಿಯಲ್ಲಿ ಕಣ್ಣೂರು, ಅಲ್ಲಿಂದ ರೈಲಿನಲ್ಲಿ ಎರ್ನಾಕುಲಂ, ಕೊಚ್ಚಿಯಿಂದ ಹಡಗು. ಊಟ, ವಾಸ ಎಲ್ಲ ಸೇರಿ ತಲೆಗೆ ಮೂವತ್ತೆಂಟೋ ನಲವತ್ತೋ ಸಾವಿರ ಬಿತ್ತು.

ಇನ್ನು ಕೆರೆ. ಟ್ರ್ಯಾಕ್ಟರಿನ ಹಿಂದಿನ ಚಕ್ರದ ಟ್ಯೂಬಿಗೆ ಗಾಳಿ ತುಂಬಿ, ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ಏರಿ ಮೇಲಿನ ಸಿಲ್ವರ್ ಓಕ್ ಮರಕ್ಕೆ ಬಿಗಿಯುತ್ತೇನೆ. ಎದೆ ಟ್ಯೂಬಿನ ಮೇಲೆ, ಮುಖ ನೀರಿನಲ್ಲಿ, ಕಾಲು ಹಿಂದಕ್ಕೆ ಚಾಚಿ ಮೇಲೆ. ಲೈಫ್ ಜಾಕೆಟ್ ಒಂದೇ ಹಾಕಿ ಬಿಟ್ಟರೆ ಮನುಷ್ಯ ನೆಟ್ಟಗೆ ನಿಲ್ಲುತ್ತಾನೆ, ಕಾಲು ಕೆಳಗೆ ಜೋತು ಬೀಳುತ್ತದೆ. ಸಮುದ್ರದಲ್ಲಿ ಆ ಕಾಲು ಒದೆಯುವುದು ಹವಳಕ್ಕೆ. ಅದಕ್ಕೇ ಎರಡು ಬಿದಿರಿನ ಗಳ ನೆಟ್ಟು, ನೀರಿನ ಒಳಗೆ ಸುಮಾರು ಎರಡಡಿ ಕೆಳಗೆ ಒಂದು ದಾರ ಎಳೆದೆ. ಅದಕ್ಕೆ ಅಲ್ಲಲ್ಲಿ ಕಟ್ಟಿದ ಥರ್ಮೋಕೋಲ್ ಚೂರು ಮೇಲೆ ತೇಲುತ್ತಿರುತ್ತದೆ. ಕಾಲು ದಾರಕ್ಕೆ ತಾಗಿತೋ, ಚೂರು ಪಟ್ಟನೆ ಕುಣಿಯುತ್ತದೆ. ಒಂದು ಸಲ ಕುಣಿದರೆ ಹತ್ತು ರೂಪಾಯಿ ದಂಡ. ದಂಡದ ದುಡ್ಡಿನಲ್ಲಿ ಒಂದು ರಾತ್ರಿ ಕಡಂಬುಟ್ಟು, ಪಂದಿಕರಿ ಆಯಿತು ಅಂದರೆ ಲೆಕ್ಕ ಹಾಕಿ.

ಜಾಸ್ತಿ ದಂಡ ಕಟ್ಟಿದ್ದು ಯಾರು ಗೊತ್ತಾ? ಹೊಳೆಯಲ್ಲಿ ಈಜಿ ಬೆಳೆದ ಹುಡುಗರು. ಅವರಿಗೆ ನೀರು ಕಂಡರೆ ಕಾಲು ಬಡಿಯಲೇಬೇಕು. ಈಜು ಗೊತ್ತಿಲ್ಲದ, ಅರವತ್ತು ದಾಟಿದ ಕುಶಾಲನಗರದ ಅಕ್ಕ ಒಬ್ಬರು ಸುಮ್ನೆ ಎಲೆಯಂತೆ ಮಲಗಿ ಎಲ್ಲರಿಗಿಂತ ಮೊದಲು ಪಾಸಾದರು. ಹೆದರಿದವರಿಗೆ ಬಾಯಿಯಲ್ಲಿ ಉಸಿರಾಡುವುದನ್ನು ಅಭ್ಯಾಸ ಮಾಡಿಸಲು ನನ್ನದೊಂದು ಉಪಾಯ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಕೆರೆಗೆ ಬನ್ನಿ, ತೋರಿಸುತ್ತೇನೆ.

ಮಾಸ್ಕ್ ವಿಷಯಕ್ಕೆ ಸಾಕಷ್ಟು ಸುಟ್ಟುಕೊಂಡೆವು. ನಾನೂರು ರೂಪಾಯಿಯ ಪ್ಲಾಸ್ಟಿಕ್ ಮಾಸ್ಕ್ ಮೀಸೆ ಇದ್ದವರಿಗೆಲ್ಲ ಸೋರಿತು. ಪೂರ್ತಿ ಮುಖ ಮುಚ್ಚುವ ಮಾಸ್ಕಿಗೆ ಮೂರು ಸಾವಿರ ಹೋಯಿತು. ಒಳಗೆ ನೀರು ಬಂದರೆ ಊದಿ ಹೊರಹಾಕಲು ಆಗುವುದಿಲ್ಲ, ಮೂಲೆಗೆ ಬಿತ್ತು. ಸಾವಿರದ ಐನೂರರ ಸಿಲಿಕೋನ್ ಮಾಸ್ಕ್ ಸಾಕು. ಗಾಜು ಮಬ್ಬಾಗದ ಹಾಗೆ ಕಾಫಿ ಎಲೆ, ಸೀಬೆ ಎಲೆ ಉಜ್ಜಿ ನೋಡಿದೆ. ಎರಡೂ ದಂಡ. ದಾಸವಾಳದ ಎಲೆಯ ಲೋಳೆ ಅರ್ಧ ಗಂಟೆ ತಡೆಯಿತು. ಅದಕ್ಕೆ ಬೆರೆಸುವ ಇನ್ನೊಂದು ಸಾಮಾನು ಸದ್ಯಕ್ಕೆ ಗುಟ್ಟು.

ಸನ್‌ಸ್ಕ್ರೀನ್ ಹೆಚ್ಚೂಕಡಿಮೆ ಬಿಟ್ಟೇಬಿಟ್ಟೆವು. ಆಕ್ಸಿಬೆನ್ಝೋನ್, ಆಕ್ಟಿನಾಕ್ಸೇಟ್ ಎಂಬ ರಾಸಾಯನಿಕ ಇರುವುದನ್ನು ಹವಳಕ್ಕೆ ಹಾನಿ ಅಂತ ಹವಾಯಿಯಲ್ಲಿ 2021ರಿಂದ ಅಂಗಡಿಯಲ್ಲಿ ಮಾರುವಂತಿಲ್ಲ. ತುಂಬು ತೋಳಿನ ಅಂಗಿ, ಲೆಗ್ಗಿಂಗ್ಸ್, ಮೂಗಿಗೆ, ಕೆನ್ನೆಗೆ ಮಾತ್ರ ಜಿಂಕ್ ಆಕ್ಸೈಡ್. ಈಜುಡುಗೆ ಹಾಕಲ್ಲ ಅಂತ ಹಿಂದೆಗೆದಿದ್ದ ಹೆಂಗಸರೂ ಇದರಿಂದ ಹೊರಟರು.

ನೀರಿಗಿಳಿಯುವುದು ಉಬ್ಬರದ ಹೊತ್ತಿನಲ್ಲಿ ಮಾತ್ರ. ಇಳಿತದಲ್ಲಿ ಹೊಟ್ಟೆಯೇ ಹವಳಕ್ಕೆ ತಾಗುತ್ತದೆ. ಹೊಸಬರಿಗೆ ಕಾಲಿನ ರೆಕ್ಕೆ (ಫಿನ್) ಕೊಡುವುದಿಲ್ಲ. ಸತ್ತ ಹವಳದ ಚೂರನ್ನೂ ಚೀಲಕ್ಕೆ ಹಾಕುವಂತಿಲ್ಲ, ಅದು ವನ್ಯಜೀವಿ ಕಾಯ್ದೆಯ ವಿಷಯ. ದ್ವೀಪದ ಸಿಹಿನೀರು ಅಂದರೆ ಮರಳಿನಡಿ ತೆಳುವಾಗಿ ನಿಂತ ಮಳೆನೀರು. ಅದಕ್ಕೆ ಸ್ನಾನ ಒಂದು ಬಕೆಟ್. ನಮ್ಮ ಹೋಂಸ್ಟೇಗಳಲ್ಲಿ ಅರ್ಧ ಗಂಟೆ ಶವರ್ ಬಿಡುವ ಗಿರಾಕಿಗಳನ್ನು ಬೈಯುವವರು ನಾವೇ ಅಲ್ವಾ? ಪ್ಲಾಸ್ಟಿಕ್ಕೆಲ್ಲ ಗೋಣಿಯಲ್ಲಿ ಕೊಚ್ಚಿಗೆ ವಾಪಸ್ ಬಂತು, ಎರಡು ಮೂರು ಕಿಲೋ ಇರಬಹುದು. ಇಷ್ಟಕ್ಕೆಲ್ಲ ತಲೆಯಾಡಿಸಿದವರು ನಾವು ಹೋಗುವಲ್ಲಿ ಡ್ರಿಂಕ್ಸ್ ಇಲ್ಲ ಅಂದಾಗ ಮಾತ್ರ ತುಂಬಾ ಹೊತ್ತು ಸುಮ್ಮನಾದರು.

ಅಷ್ಟು ದೂರ ಬೇಡ ಅನ್ನುವವರಿಗೆ ಮುರುಡೇಶ್ವರದ ಹತ್ತಿರ ನೇತ್ರಾಣಿ ಇದೆ. ಆದರೆ ಅಲ್ಲಿ ಸ್ಕೂಬಾ ಮಾಡಿ ಅದೇ ರಾತ್ರಿ ಸಂಪಾಜೆ ಘಾಟಿ ಹತ್ತಬೇಡಿ. ಮಡಿಕೇರಿ ಸಾವಿರದ ನೂರು ಮೀಟರಿಗಿಂತ ಎತ್ತರ. ಡೈವ್ ಮಾಡಿ ವಿಮಾನ ಹತ್ತಿದರೆ ಮೈಯೊಳಗಿನ ಸಾರಜನಕ ಗುಳ್ಳೆ ಕಟ್ಟುವ ಅಪಾಯ ಇದೆಯಲ್ಲ, ಇಲ್ಲೂ ಅದೇ. ಒಂದೇ ಡೈವ್ ಆದರೆ ಕಡಿಮೆ ಅಂದರೆ 12 ಗಂಟೆ, ಒಂದಕ್ಕಿಂತ ಜಾಸ್ತಿ ಡೈವ್ ಆದರೆ ಕಡಿಮೆ ಅಂದರೆ 18 ಗಂಟೆ ಘಾಟಿಯ ಕೆಳಗೇ ಇರಿ. ಘಾಟಿಯ ಕೆಳಗಿನ ಸುಳ್ಯದಲ್ಲಿ ಸಾವಿರ ರೂಪಾಯಿಗೆ ರೂಮು ಸಿಗುತ್ತದೆ.